ಕೊಳ ಮುಚ್ಚಿದ್ದ ದಿನ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಫೋನ್ ಮಾಡಿದರೆ ಭಾಷಣ ಶುರು ಮಾಡುತ್ತೀಯ, ಮೆಸೇಜ್ ಕಳಿಸಿದರೆ ಅದನ್ನೇ ಊರಿಗೆಲ್ಲ ತೋರಿಸುತ್ತೀಯ. ಅದಕ್ಕೇ ಈ ಕಾಗದ.

ಹೊಸ ಕಾನೂನು ಬೇಡವೆಂದು ಊರೆಲ್ಲ ಬಾಗಿಲು ಹಾಕಿದ ಮುಷ್ಕರದ ದಿನ, ನಾನು ಕಲಿಸುವ ಈಜುಕೊಳದ ಫೇಸ್‌ಬುಕ್ ಪುಟದಲ್ಲಿ ನಾನು ಹಾಕಿದ್ದು ಒಂದೇ ಸಾಲು: "ಇಂದು ಕೊಳ ಮುಚ್ಚಿದೆ." ನೀನು ಅದನ್ನು ಹಂಚಿಕೊಂಡು, "ಕೊನೆಗೂ ನಮ್ಮಕ್ಕ ಬಾಯಿ ಬಿಟ್ಟಳು, ಹೊಸ ಕಾನೂನಿನ ವಿರುದ್ಧ ನಿಂತಳು" ಎಂದು ಬರೆದೆ. ಅದಕ್ಕೆ ಮೊದಲು, ಮಾತಾಡು ಮಾತಾಡು ಎಂದು ಎಲ್ಲರೆದುರು ನನ್ನನ್ನು ಚುಚ್ಚುತ್ತಿದ್ದವಳೂ ನೀನೇ. ಈಗ ಗುರುತು ಪರಿಚಯವಿಲ್ಲದವರು ಶಹಬ್ಬಾಸ್ ಅನ್ನುತ್ತಿದ್ದಾರೆ. ಇನ್ನು ಕೆಲವರು ಮಕ್ಕಳನ್ನು ಬಿಡಿಸಿಕೊಂಡು ಹೋಗುತ್ತಿದ್ದಾರೆ. ಮೊನ್ನೆಯಷ್ಟೇ ನನ್ನ ಕೈ ಬಿಟ್ಟು ತೇಲಲು ಕಲಿತ ಹುಡುಗಿಯನ್ನು ಅವಳ ತಾತ ಒದ್ದೆ ತಲೆಯಲ್ಲೇ ಎಳೆದುಕೊಂಡು ಹೋದರು. "ನೀವೂ ಆ ಕಡೆಯವ್ರೇನಾ ಟೀಚರ್? ಗೊತ್ತೇ ಇರ್ಲಿಲ್ಲ" ಅಂದರು.

ಕೊಳ ಮುಚ್ಚಿದ್ದು ಯಾಕೆ ಗೊತ್ತೇ? ಹಿಂದಿನ ಸಂಜೆ ಸಣ್ಣವರ ತರಗತಿಯಲ್ಲಿ ಒಂದು ಮಗು ನೀರಿನಲ್ಲೇ ಕಕ್ಕ ಮಾಡಿಬಿಟ್ಟಿತು. ಅಷ್ಟೇ! ಆಟ ಮುಗೀತು ಎಂದು ಸೀಟಿ ಊದಿ ಉಳಿದವರನ್ನು ಮೇಲೆ ಹತ್ತಿಸಿದೆ, ಬಲೆ ಹಾಕಿ ತೆಗೆದೆ, ಔಷಧಿ ಸುರಿದೆ. ಮರುದಿನವಿಡೀ ಬೀಗ.

ಇಂಥ ದಿನ ಕಾರಣ ಹೇಳಬಾರದು ಎಂಬುದು ಈಜು ಕಲಿಸುವವರ ಪದ್ಧತಿ. ಹೇಳಿದರೆ ತಾಯಂದಿರು ಆ ಹೊತ್ತಿಗೆ ಯಾರ್‍ಯಾರು ನೀರಿನಲ್ಲಿದ್ದರು ಎಂದು ಹುಡುಕುತ್ತಾರೆ, ಮಗುವಿಗೊಂದು ಅಡ್ಡಹೆಸರು ಅಂಟುತ್ತದೆ, ಆಮೇಲೆ ಅದು ನೀರಿಗೆ ಇಳಿಯುವುದೇ ಇಲ್ಲ. ಈ ಮಗುವಂತೂ ನನ್ನ ಕೊರಳು ತಬ್ಬಿ, "ಯಾರ್ಗೂ ಹೇಳ್ಬೇಡ, ಯಾರ್ಗೂ" ಎಂದು ಬಿಕ್ಕುತ್ತಿತ್ತು.

'ಸ್ವಚ್ಛತೆಗಾಗಿ' ಎಂದು ಬರೆಯಬಹುದಿತ್ತಲ್ಲ ಎನ್ನಬೇಡ. ಆ ಪದದ ಅರ್ಥ ಇಲ್ಲಿನ ಪ್ರತಿ ತಾಯಿಗೂ ಗೊತ್ತು. ಪಂಪ್ ಕೆಟ್ಟಿತ್ತು ಎಂದರೆ ಪಂಪ್ ನೋಡಿಕೊಳ್ಳುವವನ ತಲೆಗೆ ಬರುತ್ತದೆ.

ಮ್ಯಾನೇಜರಿಗೂ ನಿಜ ಗೊತ್ತು. ಆದರೂ ನಿನ್ನೆ ಕರೆಸಿ, "ಕಾರಣ ಹೇಳಿ ಒಂದು ಸಾಲು ಹಾಕ್ಬಿಡಿ ಮೇಡಂ. ಇಲ್ಲಾಂದ್ರೆ ಸಣ್ಣ ಮಕ್ಕಳ ಕ್ಲಾಸ್ ಬೇರೆಯವ್ರಿಗೆ ಕೊಡಬೇಕಾಗುತ್ತೆ" ಅಂದರು. ನಾನು ಹಾಕುವುದಿಲ್ಲ ಎಂದು ಹೇಳಿ ಬಂದಿದ್ದೇನೆ.

ಆ ಕಾನೂನು ನನಗೂ ಬೇಡ. ಊಟಕ್ಕೆ ಕೂತಾಗಲೆಲ್ಲ ನಿನ್ನ ಭಾವನ ಜೊತೆ ಅದೇ ಜಗಳ. ಆದರೆ ಒಂದು ಮಗುವಿನ ತಲೆಯನ್ನು ಅಂಗೈಯಲ್ಲಿಟ್ಟುಕೊಂಡು ನಿಂತಾಗ ಅದರ ಮನೆಯವರು ಯಾವ ಕಡೆ ಎಂದು ಕೇಳಲು ನನ್ನಿಂದಾಗದು. ಹೇಳಬೇಕೆನಿಸಿದ ದಿನ ನಾನೇ ಹೇಳುತ್ತೇನೆ. ನನ್ನ ಪರವಾಗಿ ನೀನು ಬಾಯಿ ಹಾಕಬೇಡ.

ನೀನು ಬರೆದದ್ದನ್ನು ಅಳಿಸು. "ನಾನು ತಪ್ಪು ತಿಳಿದಿದ್ದೆ" ಎಂದು ಒಂದು ಸಾಲು ಹಾಕು. ನಿನ್ನ ಸಾವಿರಾರು ಜನರೆದುರು ತಲೆ ತಗ್ಗಿಸುವುದು ಕಷ್ಟ, ಗೊತ್ತು. ಸಣ್ಣವರ ತರಗತಿ ನನ್ನ ಕೈಯಲ್ಲೇ ಉಳಿಯಬೇಕಾದರೆ ಅದೊಂದೇ ದಾರಿ.

ಸಿಟ್ಟು ಇನ್ನೂ ಇಳಿಯದ,
ನಿನ್ನ ಅಕ್ಕ

ತಾ.ಕ.: ನಿನ್ನ ಮಗನ ನೀಲಿ ಈಜುಚಡ್ಡಿ ನನ್ನ ಹತ್ತಿರವೇ ಇದೆ. ಕಳೆದುಹೋಯಿತು ಎಂದು ಅವನು ನಿನಗೆ ಹೇಳಿರಬೇಕು. ಎರಡು ಸಲ ಒಗೆದು ಒಣಗಿಸಿದ್ದೇನೆ. ಅವನನ್ನು ಏನೂ ಕೇಳಬೇಡ, ಬುಧವಾರದ ತರಗತಿಗೆ ತಪ್ಪದೆ ಕಳಿಸು.