ಅಕ್ಕ ಕಟ್ಟಿದ ಗೋಡೆ

ಅಪ್ಪನಿಗೆ ಸಣ್ಣವಳ ನಮಸ್ಕಾರ.

ನಾನು ಬಂದದ್ದು ನಿಮಗೆ ಹೇಳಿದಂತೆ ಗೆಳತಿಯ ಮದುವೆಗೆ ಅಲ್ಲ. ಅಕ್ಕನ ಕಲಾಶಾಲೆಯಲ್ಲಿ ನಾಲ್ಕು ದಿನ ಗಾರೆ ಕಲಸಿಕೊಟ್ಟೆ. ಗಾರೆ ಬಳಿಯುವ ನಿಮ್ಮ ಹಳೆಯ ಕರಣಿಯೂ ಕಳೆದಿಲ್ಲ, ಇಲ್ಲೇ ಇದೆ.

ಗಾರೆಯವನ ಮಗಳಿಗೆ ಕಲೆಯಲ್ಲಿ ಎಂ.ಎ. ಯಾಕೆ ಅಂತ ನೀವು ಅವಳ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು. ಕೊನೆಯ ಪರೀಕ್ಷೆಗೆ ಅವಳು ಚಿತ್ರ ಬರೆಯಲಿಲ್ಲ. ಕೋಣೆಯ ಈ ತುದಿಯಿಂದ ಆ ತುದಿಗೆ ಒಂದು ಗೋಡೆ ಕಟ್ಟಿ, ಹಳೆಯ ಗೋಡೆಗಳಿಗೆ ಬೆರೆಯುವಂತೆ ಗಾರೆ ಮಾಡಿದಳು.

ಪರೀಕ್ಷೆಗೆ ಬಂದ ಮೇಷ್ಟ್ರು ಆ ಗೋಡೆಗೇ ಒರಗಿ ನಿಂತು, “ಎಲ್ಲಿ ತಾಯಿ ನಿನ್ನ ಕೆಲಸ? ಕೋಣೆ ಖಾಲಿ ಇದೆಯಲ್ಲ” ಅಂದರು.

“ನೀವು ಒರಗಿರೋದೇ ಸರ್.”

ಅವರು ಬೆಚ್ಚಿ ದೂರ ಸರಿದರು. ಕೈಯಾಡಿಸಿ ಸಂದು ಹುಡುಕಿದರು, ಸಿಗಲಿಲ್ಲ.

“ಯಾರು ಕಲಿಸಿದ್ದು?”

“ನಮ್ಮಪ್ಪ. ನಂಗಿನ್ನೂ ಬರಲ್ಲ ಅಂತಾರೆ.”

ಅಪ್ಪಾ, ಅಕ್ಕ ತರಗತಿಗೇ ಮೊದಲಿಗಳು. ಕಲಾಶಾಲೆಯ ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ನಾನೇ ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದಿದೆ.

ಶನಿವಾರ ಅಕ್ಕನ ಗೋಡೆಯನ್ನು ಒಡೆಯುತ್ತಾರೆ. ಅಷ್ಟರೊಳಗೆ ಮಟ್ಟಗೋಲು ಹಿಡಿದು ಬನ್ನಿ. ಎಡಗಡೆ, ಮೊಣಕಾಲೆತ್ತರದಲ್ಲಿ, ಕೂದಲೆಳೆಯಷ್ಟು ಉಬ್ಬಿದೆ. ಮೇಷ್ಟ್ರಿಗೆ ಕಾಣಲಿಲ್ಲ, ನಾನೂ ಹೇಳಿಲ್ಲ. ಅದಕ್ಕೆ ಅವಳನ್ನು ನೀವೇ ಬಂದು ಬೈಯಬೇಕು.

ಇಂತಿ,
ನಿಮ್ಮ ಸಣ್ಣವಳು