ನಿಮ್ಮ ಗಾಡಿ ಎತ್ತರವಾಯ್ತು

ರೀ,

ಕೊನೆಗೂ ನಿಮ್ಮ ಹಟವೇ ಗೆದ್ದಿತು. ಇವತ್ತು ಪಿಕಪ್ಪನ್ನು ಎತ್ತರ ಮಾಡಿಸಿದೆ. ನನಗೆ ಗೊತ್ತಾಗಬಾರದು ಅಂತ ನೀವು ಶೆಡ್ಡಿನಲ್ಲಿ ಬಚ್ಚಿಟ್ಟಿದ್ದ ಉದ್ದನೆಯ ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ರಾಕ್ಷಸನಂಥ ಆ ಚಕ್ರಗಳು ಎಲ್ಲಾ ಸಿಕ್ಕವು. ಮಾರಿಬಿಡೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಗಾಡಿಯ ಹಿಂದೆ ಹೇರಿಕೊಂಡು ಗ್ಯಾರೇಜಿಗೆ ನಾನೇ ಓಡಿಸಿಕೊಂಡು ಹೋದೆ. ಹೌದು, ನಾನೇ. ನೀವು ಕಣ್ಣು ಮುಚ್ಚಿದ ಮೇಲೆ ಕಲಿತೆ. ಬೇರೆ ದಾರಿ ಇಟ್ಟಿರಾ ನನಗೆ?

ಮೆಕ್ಯಾನಿಕ್ ಜಾಕ್ ಕೊಟ್ಟು ಗಾಡಿ ಎತ್ತಿ, ತುಕ್ಕು ಹಿಡಿದ ಬೋಲ್ಟುಗಳ ಜೊತೆ ಮಧ್ಯಾಹ್ನದವರೆಗೂ ಗುದ್ದಾಡಿದ. ಹೆಡ್‌ಲೈಟನ್ನೂ ಸ್ವಲ್ಪ ಕೆಳಕ್ಕೆ ಬಗ್ಗಿಸಿದ, ಇಲ್ಲದಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತಂತೆ. ಗಾಡಿ ಕೆಳಗಿಳಿಸಿದಾಗ ನೋಡಿದರೆ, ಸೀಟು ನನ್ನ ಎದೆಮಟ್ಟಕ್ಕೆ ಬಂದಿತ್ತು.

"ಮಂಡಿನೋವಿನವಳು ಹತ್ತೋದು ಹೇಗೆ, ಏಣಿ ತರ್ತೀರಾ?" ಅಂತ ನಾನು ಎಷ್ಟು ಜಗಳ ಆಡಿದ್ದೆ. "ನಾನು ಕೈ ಕೊಡ್ತೀನಲ್ಲೇ," ಅಂತಿದ್ರಿ.

ನೀವಿದ್ದಾಗಿನ ಅಭ್ಯಾಸದಂತೆ ನನ್ನ ಕಡೆಯ ಬಾಗಿಲು ತೆಗೆದೆ. ಒಂದು ಕಾಲು ಮೇಲಿಟ್ಟು, ಕೈ ಒಳಗೆ ಚಾಚಿ ನಿಂತೆ. ನಿಂತೇ ಇದ್ದೆ.

ಹಿಂದಿನಿಂದ ಮೆಕ್ಯಾನಿಕ್ ಮೆಲ್ಲಗೆ ಹೇಳಿದ, "ಅಮ್ಮಾ, ಸ್ಟೇರಿಂಗು ಆ ಕಡೆ ಇದೆ."