ಮುಂಬೈಗೆ ಹೋದ ಅರ್ಜಿ

ಸಂಕೇಶ್ವರ
೯-೧೨-೧೯೫೭

ಲಗಮಪ್ಪ ಕಾಕಾಗ ಇಂದ್ರವ್ವನ ನಮಸ್ಕಾರ.

ಹುಕ್ಕೇರಿ ದವಾಖಾನ್ಯಾಗ ನಿಮಗ ಔಷಧ ಕಲಸಬ್ಯಾಡ ಅಂದಾರಂತ, ಅವ್ವ ಹೇಳಿದ್ಲು. ಕಂಪೌಂಡರ್ ಹೆಸರು ಸರಕಾರದ ಪಟ್ಟಿಯೊಳಗ ಇರಬೇಕಂತ ಕಾನೂನು ಬಂದೈತಿ, ನಿಮ್ಮ ಹೆಸರು ಇಲ್ಲಂತ. "ನಾ ಕಲ್ತದ್ದು ಸಾಲಲಿಲ್ಲ ಬಿಡವ್ವಾ" ಅಂದ್ರಂತ ನೀವು.

ಹಂಗ ಅನಬ್ಯಾಡ್ರಿ ಕಾಕಾ. ತಪ್ಪು ನಂದು.

"ನಿನ್ನ ಅಕ್ಷರ ಚಂದ ಅದಾವ, ನೀನೇ ಬರಿ" ಅಂತ ಪಟ್ಟಿಗೆ ಹೆಸರು ಹಚ್ಚೋ ಅರ್ಜಿ ನನಗ ಕೊಟ್ರಿ. ನಿಮ್ಮ ಇಪ್ಪತ್ತೆರಡು ವರ್ಷದ ಕೆಲಸ ಎಲ್ಲಾ ಚಂದಾಗಿ ಬರದೆ, ಲಕೋಟಿ ಮ್ಯಾಲ ಮಾತ್ರ ಮುಂಬೈ ಅಂತ ಬರದೆ. ಹುಟ್ಟಿದಾಗಿಂದ ಸರಕಾರ ಅಂದ್ರ ಮುಂಬೈನೇ ಅಲ್ರಿ ನಮಗ? ನಾವು ಮೈಸೂರು ರಾಜ್ಯಕ್ಕ ಸೇರಿ ವರ್ಷ ಆಗಾಕ ಬಂದಿತ್ತು, ಸಾಲ್ಯಾಗ ಮಕ್ಕಳಿಗೆ ಹೊಸ ನಕಾಶಿ ಕಲಿಸಾಕಿ ನಾನೇ.

ದೀಪಾವಳಿ ಮುಂದ ಅರ್ಜಿ ತಿರುಗಿ ಬಂತು. ಬೆಂಗಳೂರಿಗೆ ಕಳಸಾಕ ಇನ್ನೂ ಎಂಟು ದಿನ ಇದ್ದುವು, ಆದ್ರ ಹೊಸ ಫಾರ್ಮಿಗೆ ನಿಮ್ಮ ಸಹಿ ಬೇಕಿತ್ತು. ನಿಮ್ಮ ಮುಂದ ಬರಾಕ ನಾಚಿಕಿ ಆಗಿ ಟ್ರಂಕಿನ್ಯಾಗ ಮುಚ್ಚಿಟ್ಟೆ. ಮುದ್ದತ್ತು ಮುಗೀತು.

ಸಣ್ಣಾಕಿದ್ದಾಗ ಜಡ್ಡು ಇಲ್ಲದಿದ್ರೂ ದವಾಖಾನ್ಯಾಗ ನಿಮ್ಮ ಖಿಡಕಿಗೆ ಬಂದು ನಿಲ್ಲತಿದ್ದೆ, ನೀವು ಒಂದೊಂದು ಡೋಸಿಗೆ ಒಂದೊಂದು ಗೆರಿ ಬರೋಹಂಗ ಚೀಟಿ ಕತ್ತರಿಸಿ ಬಾಟಲಿಗೆ ಅಂಟಸೂದು ನೋಡಾಕ. ಒಂದು ಗೆರಿ ಒಮ್ಮೆನೂ ತಪ್ಪಲಿಲ್ಲ ನಿಮ್ಮದು.

ಬರೋ ಆದಿತವಾರ ನಿಮ್ಮ ಕೆಲಸದ ಬಗ್ಗೆ ಡಾಕ್ಟರ್ ಸಾಹೇಬರ ಪತ್ರ ತಗೊಂಡು ಬರ್ರಿ. ತಡ ಆಗಿದ್ದು ನನ್ನಿಂದ ಅಂತ ಬರದು ಸಹಿ ಮಾಡಿ ಇಟ್ಟೇನಿ. ವಿಳಾಸ ಈ ಸಲ ನೀವೇ ಬರೀರಿ. ಪಟ್ಟಿಗೆ ತಗೊಂತಾರೋ ಇಲ್ಲೋ, ಗೊತ್ತಿಲ್ಲ. ಆದ್ರ ಕಲ್ತದ್ದು ಸಾಲಲಿಲ್ಲ ಅಂತ ಅವ್ವಗ ಹೇಳಿದ ಮಾತು ಮತ್ತ ಯಾರಿಗೂ ಹೇಳಬ್ಯಾಡ್ರಿ. ಬೆಂಗಳೂರಿನವರು ನಿಮ್ಮ ಅರ್ಜಿ ನೋಡೇ ಇಲ್ಲ ಕಾಕಾ.

ನಿಮ್ಮ ಖಿಡಕಿಯ ಹುಡುಗಿ,
ಇಂದ್ರವ್ವ